ಸೆಂಟಮ್ ಮರೆತು ಕ್ಯಾಟ್ ಬರೆಯಿರಿ

ಕಣದಲ್ಲಿ ನೂರು ಕಿಲೋ ಒದ್ದೆ ಸಬ್ಬಕ್ಕಿ ಹರಡಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನೀರಿನ ಪಾಲು ಶೇ 40. ಬಿಸಿಲಿಗೆ ಒಣಗಿ ನೀರು ಶೇ 12ಕ್ಕೆ ಇಳಿದಾಗ ಕಣದಲ್ಲಿ ಉಳಿಯುವ ತೂಕ ಎಷ್ಟು? ಅವಸರದಲ್ಲಿ ಬಾಯಿಗೆ ಬರುವ ಉತ್ತರ 72. ನಲವತ್ತರಲ್ಲಿ ಹನ್ನೆರಡು ಕಳೆದರೆ 28, ನೂರರಲ್ಲಿ 28 ಹೋಯಿತು, ಮುಗಿಯಿತು. ಆದರೆ ಲೆಕ್ಕ ಹಾಗಿಲ್ಲ. ಒಣ ಹಿಟ್ಟು ಮೊದಲೂ 60 ಕಿಲೋ ಇತ್ತು, ಆಮೇಲೂ ಅಷ್ಟೇ ಇದೆ. ಹೋದದ್ದು ನೀರು ಮಾತ್ರ. ಆ 60 ಕಿಲೋ ಈಗ ಒಟ್ಟು ತೂಕದ ಶೇ 88 ಆಗಬೇಕು. ಹಾಗಾಗಿ ಉತ್ತರ 68 ಕಿಲೋ ಚಿಲ್ಲರೆ. ಸೇಲಂನಿಂದ ಆತ್ತೂರಿನ ಕಡೆ ಹೊರಟರೆ ಸಬ್ಬಕ್ಕಿ ಕಾರ್ಖಾನೆಗಳ ಸಿಮೆಂಟ್ ಕಣಗಳು ಸಿಗುತ್ತವೆ. ಅಲ್ಲಿನ ಮೇಸ್ತ್ರಿಗೆ ಈ ನಾಲ್ಕು ಕಿಲೋ ವ್ಯತ್ಯಾಸ ಪೆನ್ನು ಹಿಡಿಯದೆಯೇ ಗೊತ್ತು. ಅದೇ ಮೇಸ್ತ್ರಿಯ ಮಗಳು ಬಿ.ಕಾಂ. ಓದುತ್ತಿದ್ದರೆ, ಇದೇ ಲೆಕ್ಕ ಇಂಗ್ಲಿಷಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ, ಎರಡು ನಿಮಿಷದಲ್ಲಿ ಬಿಡಿಸಬೇಕಾಗಿ ಬಂದಾಗ ಬೆವರುತ್ತಾಳೆ.

ಆ ಪರದೆಯ ಹೆಸರು ಕ್ಯಾಟ್. ಐಐಎಂಗಳಿಗೂ ಅದರ ಅಂಕವನ್ನೇ ನೆಚ್ಚಿಕೊಂಡ ಹತ್ತಾರು ಬಿಸಿನೆಸ್ ಸ್ಕೂಲ್‌ಗಳಿಗೂ ಹೆಬ್ಬಾಗಿಲು ಇದೇ. ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ ನಡೆಯುತ್ತದೆ. ಅರ್ಜಿ ಆಗಸ್ಟ್‌ನಿಂದ ಸೆಪ್ಟೆಂಬರ್ ತನಕ. ಪದವಿಯ ಅಂತಿಮ ವರ್ಷದಲ್ಲಿರುವವರೂ ಬರೆಯಬಹುದು. ಪದವಿಯಲ್ಲಿ ಶೇ 50 ಇರಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45 ಸಾಕು. ಪರೀಕ್ಷೆ ಬರೆಯಲು ಚೆನ್ನೈಗೋ ಬೆಂಗಳೂರಿಗೋ ಓಡಬೇಕಿಲ್ಲ, ಸೇಲಂ ನಗರವೂ ಕೇಂದ್ರಗಳ ಪಟ್ಟಿಯಲ್ಲಿದೆ.

ಸೇಲಂ, ಧರ್ಮಪುರಿ ಜಿಲ್ಲೆಗಳ ಹುಡುಗ ಹುಡುಗಿಯರ ಬಗ್ಗೆ ಕನ್ನಡದಲ್ಲಿ ಬರೆಯಲು ಕಾರಣವಿದೆ. 1965ರ ತನಕ ಇವೆರಡೂ ಒಂದೇ ಜಿಲ್ಲೆ. ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಮಾರಂಡಹಳ್ಳಿ, ಬಾಲಜಂಗಮನಹಳ್ಳಿ ಎಂಬ ಹೆಸರಿನ ಊರುಗಳು ಈ ಸೀಮೆಯವೇ. ಚೌಡೇಶ್ವರಿಯನ್ನು ಮನೆದೇವರಾಗಿ ಉಳ್ಳ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ, ಗಡಿಯತ್ತ ಚಾಚಿಕೊಂಡ ಒಕ್ಕಲಿಗ, ಲಿಂಗಾಯತ ಮನೆಗಳಲ್ಲಿ ಅಡುಗೆಮನೆಯ ಮಾತು ಇವತ್ತಿಗೂ ಕನ್ನಡ. ಮಕ್ಕಳು ಓದುವುದು ಬರೆಯುವುದು ತಮಿಳು. ಕನ್ನಡ ಅಕ್ಷರ ಕಂಡವರು ಕಡಿಮೆ. ಇಲ್ಲಿಂದ ಬೆಂಗಳೂರಿಗೆ ಓದಲು ಹೋಗುವುದು ಹೊಸತೇನಲ್ಲ. ಅಂದಿನ ಸೇಲಂ ಜಿಲ್ಲೆಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಆಮೇಲೆ ವಕೀಲಿಕೆ ಮಾಡಿದ್ದು ಸೇಲಂನಲ್ಲಿ. ಈಗಿನ ಮಕ್ಕಳ ಕಣ್ಣು ಸೆಂಟ್ರಲ್ ಕಾಲೇಜನ್ನು ದಾಟಿ ಬನ್ನೇರುಘಟ್ಟ ರಸ್ತೆಯ ಐಐಎಂ ಮೇಲಿದೆ. ಧರ್ಮಪುರಿ ಬಸ್ ನಿಲ್ದಾಣದಿಂದ ಅಲ್ಲಿಗೆ ಮೂರು ಗಂಟೆಯ ದಾರಿ. ಬಸ್ಸಿನ ಲೆಕ್ಕ ಅದು. ಓದಿನ ಲೆಕ್ಕದಲ್ಲಿ ಮೂರು ವರ್ಷ.

ಮೂರು ವರ್ಷ ಎಂದದ್ದನ್ನು ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಅಂತಿಮ ವರ್ಷದ ಜುಲೈನಲ್ಲಿ ಕೋಚಿಂಗ್ ಸೇರಿ ನವೆಂಬರಿನಲ್ಲಿ ಗೆದ್ದುಬಿಡುತ್ತೇನೆ ಎನ್ನುವುದು ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ. ಕೋಚಿಂಗ್ ಸೆಂಟರ್ ಕಲಿಸುವುದು ವರಸೆಗಳನ್ನು. ಆ ವರಸೆ ಹಾಕಲು ಬೇಕಾದ ಮೈಕಟ್ಟು ಮೊದಲ ವರ್ಷದಿಂದಲೇ ಬೆಳೆಯಬೇಕು.

ಪರೀಕ್ಷೆಯ ಒಡಲನ್ನೇ ನೋಡಿ. ಒಟ್ಟು ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಇಂಗ್ಲಿಷ್ ಓದು, ದತ್ತಾಂಶ ಮತ್ತು ತರ್ಕ, ಗಣಿತ. ಒಂದು ಭಾಗದಲ್ಲಿ ಉಳಿದ ಸಮಯವನ್ನು ಇನ್ನೊಂದಕ್ಕೆ ಎಳೆದುಕೊಳ್ಳುವಂತಿಲ್ಲ. 2024ರಲ್ಲಿ ಇದ್ದ ಪ್ರಶ್ನೆಗಳು 68. ಅದರಲ್ಲಿ ಇಂಗ್ಲಿಷಿನವು 24. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಳೆತ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಳೆತವಿಲ್ಲ.

ಇಂಗ್ಲಿಷ್ ಭಾಗದಲ್ಲಿ ನಾಲ್ಕು ಗದ್ಯಭಾಗಗಳು ಬರುತ್ತವೆ, ಒಂದೊಂದೂ ಐನೂರು ಪದದ ಆಸುಪಾಸು. ಅಂದರೆ ನೀವೀಗ ಓದುತ್ತಿರುವ ಈ ಲೇಖನದಷ್ಟು ಉದ್ದದ್ದನ್ನು ಓದಿ, ಹದಿನಾರು ಪ್ರಶ್ನೆಗೆ ಉತ್ತರಿಸಿ, ಇನ್ನೂ ಎಂಟು ಬಿಡಿ ಪ್ರಶ್ನೆ ಮುಗಿಸಬೇಕು, 40 ನಿಮಿಷದಲ್ಲಿ. ವಿಷಯ ಬಿಸಿನೆಸ್ಸೇ ಆಗಿರುವುದಿಲ್ಲ. ತತ್ವಶಾಸ್ತ್ರ, ಮಾನವಶಾಸ್ತ್ರ, ಪರಿಸರ, ಕಲೆಯ ಇತಿಹಾಸ, ಏನೂ ಬರಬಹುದು. ಪ್ರಶ್ನೆಗಳೂ ಲೇಖಕ ಏನು ಹೇಳಿದ ಎಂದು ಕೇಳಿ ಸುಮ್ಮನಾಗುವುದಿಲ್ಲ. ಲೇಖಕ ಯಾವುದನ್ನು ಒಪ್ಪುವುದಿಲ್ಲ, ಯಾವ ಹೊಸ ಸಂಗತಿ ಬಂದರೆ ಅವನ ವಾದ ಸಡಿಲವಾಗುತ್ತದೆ ಎಂದು ಕೆದಕುತ್ತವೆ. ನಾಲ್ಕು ಆಯ್ಕೆಗಳಲ್ಲಿ ಎರಡು ಮೇಲುನೋಟಕ್ಕೇ ಬಿದ್ದುಹೋಗುತ್ತವೆ. ಉಳಿದ ಎರಡರ ನಡುವೆ ಕೂದಲೆಳೆಯ ಅಂತರ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪದವಿಯಲ್ಲಿ ಇಂಗ್ಲಿಷ್ ಗೈಡು. ಹೀಗೆ ಬೆಳೆದ ಮಗು ಎಡವುವುದು ಇಲ್ಲೇ. ಬುದ್ಧಿ ಸಾಲದೆ ಎಡವುವುದಲ್ಲ, ಓದಿದ ಪುಟಗಳ ಸಂಖ್ಯೆ ಸಾಲದೆ. ಇದಕ್ಕೆ ಪದಕೋಶ ಬಾಯಿಪಾಠ ಮಾಡುವುದು ಮದ್ದಲ್ಲ. ಸಾವಿರ ಕಠಿಣ ಪದಗಳ ಪಟ್ಟಿ ಮಾರುವ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತವೆ. ನನ್ನನ್ನು ಕೇಳಿದರೆ ಆ ದುಡ್ಡಿಗೆ ಮಾವಿನಹಣ್ಣು ಕೊಂಡು ತಿನ್ನುವುದು ಮೇಲು. ಮಾಡಬೇಕಾದದ್ದು ಸರಳ, ಬೇಸರದ ಕೆಲಸ: ದಿನಕ್ಕೆ ಒಂದು ಗಂಟೆ, ಪಠ್ಯಕ್ಕೆ ಸಂಬಂಧವಿಲ್ಲದ ಇಂಗ್ಲಿಷ್ ಗದ್ಯ. ಮೊದಲ ಆರು ತಿಂಗಳು ಪತ್ರಿಕೆಯ ವರದಿ, ಆಮೇಲೆ ಸಂಪಾದಕೀಯ, ಎರಡನೇ ವರ್ಷದಿಂದ ಉದ್ದದ ಪ್ರಬಂಧ. ಓದಿ ಮುಗಿಸಿದ ಮೇಲೆ ಪುಟ ಮುಚ್ಚಿ, ಇವನು ಏನು ವಾದಿಸಿದ ಎಂದು ಎರಡು ಸಾಲು ಬರೆಯಬೇಕು. ಆ ಎರಡು ಸಾಲನ್ನು ತಮಿಳಿನಲ್ಲಿ ಬರೆದರೂ ಅಡ್ಡಿಯಿಲ್ಲ. ಗ್ರಹಿಕೆ ಮೊದಲು ಬರಲಿ, ಇಂಗ್ಲಿಷ್ ವಾಕ್ಯ ಆಮೇಲೆ ಬಂದೇ ಬರುತ್ತದೆ. ಪತ್ರಿಕೆ ಕೊಳ್ಳಲು ದುಡ್ಡಿಲ್ಲ ಎನ್ನುವವರಿಗೆ ಸೇಲಂ, ಧರ್ಮಪುರಿ ಎರಡೂ ಊರಿನ ಜಿಲ್ಲಾ ಕೇಂದ್ರ ಗ್ರಂಥಾಲಯಗಳಿವೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರ ಪಕ್ಕದಲ್ಲೇ ಒಂದು ಕುರ್ಚಿ ಸಿಕ್ಕೀತು.

ಗಣಿತದ ಮಾತು ಬೇಗ ಮುಗಿಸಬಹುದು. ಪ್ರಶ್ನೆಗಳು ಹತ್ತನೇ ತರಗತಿಯ ಆಸುಪಾಸಿನವು: ಶೇಕಡಾ, ಅನುಪಾತ, ಮಿಶ್ರಣ, ವೇಗ ಮತ್ತು ಕಾಲ, ಬೀಜಗಣಿತ, ಒಂದಿಷ್ಟು ರೇಖಾಗಣಿತ. ಕ್ಯಾಲ್ಕುಲಸ್ ಇಲ್ಲ. ಎಂಜಿನಿಯರಿಂಗ್ ಹುಡುಗರಿಗೆ ಇಲ್ಲಿ ಮೇಲುಗೈ ಎಂಬುದು ಅರ್ಧ ನಿಜ. ಅವರ ಬಲ ಅಭ್ಯಾಸದ್ದು, ಜ್ಞಾನದ್ದಲ್ಲ. ಬಿ.ಎ. ಓದುವ ಹುಡುಗಿ ತನ್ನ ಹತ್ತನೇ ತರಗತಿಯ ಗಣಿತ ಪುಸ್ತಕ ಮತ್ತೆ ತೆರೆದು ದಿನಕ್ಕೆ ಹತ್ತು ಲೆಕ್ಕ ಬಿಡಿಸಿದರೆ ಒಂದು ವರ್ಷದಲ್ಲಿ ಆ ಅಂತರ ಬಹುಮಟ್ಟಿಗೆ ಕರಗುತ್ತದೆ. ದತ್ತಾಂಶ ಮತ್ತು ತರ್ಕದ ಭಾಗ ಮಾತ್ರ ಬೇರೆ ಜಾತಿಯದು. ಅದಕ್ಕೆ ಪಠ್ಯವೇ ಇಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾ ಹೋಗುವುದೊಂದೇ ದಾರಿ.

ತಮಿಳುನಾಡಿನ ಮಕ್ಕಳು ಕಷ್ಟಪಟ್ಟು ಮರೆಯಬೇಕಾದ ಒಂದು ಅಭ್ಯಾಸವಿದೆ. ಅಲ್ಲಿ ನೂರಕ್ಕೆ ನೂರು ತೆಗೆಯುವುದನ್ನು ಸೆಂಟಮ್ ಎನ್ನುತ್ತಾರೆ. ಫಲಿತಾಂಶದ ಮರುದಿನ ಸೆಂಟಮ್ ತೆಗೆದ ಮಕ್ಕಳ ಫೋಟೊ ಹೊತ್ತ ಫ್ಲೆಕ್ಸ್‌ಗಳು ಬೀದಿ ತುಂಬುತ್ತವೆ. ಒಂದು ಪ್ರಶ್ನೆಯನ್ನೂ ಬಿಡಬಾರದು ಎಂಬುದು ಹನ್ನೆರಡು ವರ್ಷ ಕಿವಿಗೆ ಬಿದ್ದ ಮಂತ್ರ. ಕ್ಯಾಟ್‌ನಲ್ಲಿ ಅದೇ ಮಂತ್ರ ಮುಳುಗಿಸುತ್ತದೆ. ಈಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ ಗಳಿಸಿದವರೇ 99 ಪರ್ಸೆಂಟೈಲ್ ಮುಟ್ಟಿದ್ದಾರೆ. ಪರ್ಸೆಂಟೈಲ್ ಎಂದರೆ ನಿಮ್ಮ ಕೆಳಗೆ ನೂರಕ್ಕೆ ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕ, ನಿಮ್ಮ ಅಂಕವಲ್ಲ. ಹಾಗಾಗಿ ಅರ್ಧ ಪತ್ರಿಕೆಯನ್ನು ಖುಷಿಯಿಂದ ಬಿಟ್ಟು, ಉಳಿದರ್ಧವನ್ನು ತಪ್ಪಿಲ್ಲದೆ ಮಾಡುವವರೇ ಮುಂದೆ. ನಾಲ್ಕು ನಿಮಿಷ ಹಠ ಹಿಡಿದು ಒಂದೇ ಲೆಕ್ಕಕ್ಕೆ ಜೋತುಬೀಳುವ ಜಾಣ ವಿದ್ಯಾರ್ಥಿ ಹಿಂದೆ. ಬಿಡಲು ಕಲಿಯುವುದಕ್ಕೇ ಅಣಕು ಪರೀಕ್ಷೆಗಳು ಇರುವುದು. ಅಣಕು ಪರೀಕ್ಷೆಯಲ್ಲಿ ಬಂದ ಅಂಕಕ್ಕಿಂತ, ಅದು ಮುಗಿದ ಮೇಲೆ ಯಾವ ಪ್ರಶ್ನೆಯನ್ನು ಕೈಬಿಡಬೇಕಿತ್ತು ಎಂದು ಕೂತು ನೋಡುವ ಎರಡು ಗಂಟೆ ಹೆಚ್ಚು ಬೆಲೆಯದು.

ಆದರೆ ಕ್ಯಾಟ್ ಅಂಕವೊಂದೇ ಸಾಲದು, ಇದನ್ನು ಹಲವರು ತಡವಾಗಿ ತಿಳಿಯುತ್ತಾರೆ. ಐಐಎಂ ಬೆಂಗಳೂರು ಸಂದರ್ಶನಕ್ಕೆ ಕರೆಯುವಾಗಲೇ ಹತ್ತನೇ, ಹನ್ನೆರಡನೇ ತರಗತಿ ಮತ್ತು ಪದವಿಯ ಅಂಕಗಳಿಗೂ, ಕೆಲಸದ ಅನುಭವಕ್ಕೂ ತೂಕ ಕೊಡುತ್ತದೆ. ಬೇರೆ ಬೇರೆ ಬೋರ್ಡುಗಳ ಅಂಕವನ್ನು ಸರಿದೂಗಿಸಿಯೇ ಲೆಕ್ಕ ಹಾಕುತ್ತದೆ, ಹಾಗಾಗಿ ಅಂಕ ಧಾರಾಳವಾಗಿ ಕೊಡುವ ಬೋರ್ಡಿನ ಶೇ 95 ಅಷ್ಟೇ ಬೆಲೆಗೆ ಚಲಾವಣೆಯಾಗುವುದಿಲ್ಲ. ಹತ್ತನೇ ತರಗತಿಯ ಅಂಕವನ್ನು ಪದವಿಯಲ್ಲಿ ಕೂತು ತಿದ್ದಲಾಗದು. 2021ರಲ್ಲಿ ತಮಿಳುನಾಡಿನಲ್ಲಿ ಹತ್ತನೇ ತರಗತಿ ಮುಗಿಸಿದವರದು ಇನ್ನೂ ವಿಚಿತ್ರ ಸ್ಥಿತಿ: ಕೊರೋನಾ ಕಾಲದಲ್ಲಿ ಪರೀಕ್ಷೆ ರದ್ದಾಗಿ ಪ್ರಮಾಣಪತ್ರದಲ್ಲಿ ಅಂಕವೇ ಇಲ್ಲ, ಪಾಸು ಎಂದಷ್ಟೇ ಇದೆ. ಅಂಥವರು ಅರ್ಜಿಯ ಆ ಖಾನೆಯನ್ನು ಊಹೆಯಿಂದ ತುಂಬದೆ, ಸಹಾಯವಾಣಿಗೆ ಬರೆದು ಉತ್ತರ ಪಡೆದೇ ತುಂಬಬೇಕು. ಪದವಿಯ ಅಂಕ ಮಾತ್ರ ಇನ್ನೂ ಕೈಯಲ್ಲಿದೆ. ಪೆರಿಯಾರ್ ವಿಶ್ವವಿದ್ಯಾಲಯದ ಅಡಿಯಲ್ಲಿ ಓದುವವರಿರಲಿ, ಅಣ್ಣಾ ವಿಶ್ವವಿದ್ಯಾಲಯದವರಿರಲಿ, ಮೊದಲ ಸೆಮಿಸ್ಟರಿನಲ್ಲೇ ಒಂದೆರಡು ಅರಿಯರ್, ಅಂದರೆ ಪಾಸಾಗದ ವಿಷಯ, ಇಟ್ಟುಕೊಂಡು ಕೊನೆಗೆ ತೀರಿಸಿದರಾಯಿತು ಎಂಬ ಧೋರಣೆ ಇಲ್ಲಿ ದುಬಾರಿ. ಕೆಲಸದ ಅನುಭವ ಎಂದರೆ ಪದವಿ ಮುಗಿದ ಮೇಲಿನ ಪೂರ್ಣಾವಧಿ ಕೆಲಸ. ರಜೆಯ ಇಂಟರ್ನ್‌ಶಿಪ್ ಆ ಲೆಕ್ಕಕ್ಕೆ ಬರುವುದಿಲ್ಲ, ಸಂದರ್ಶನದ ಮಾತಿಗೆ ಒದಗುತ್ತದೆ ಅಷ್ಟೆ.

ಕಾಗದಪತ್ರದ ಒಂದು ಬಲೆಯನ್ನು ಹೇಳಲೇಬೇಕು. ಐಐಎಂಗಳಲ್ಲಿ ಇತರೆ ಹಿಂದುಳಿದ ವರ್ಗಗಳಿಗೆ ಶೇ 27 ಮೀಸಲಾತಿ ಇದೆ. ತಮಿಳುನಾಡಿನಲ್ಲಿ ಶಾಲೆ ಸೇರುವಾಗ ಮಾಡಿಸಿದ ಬಿಸಿ (ಹಿಂದುಳಿದ ವರ್ಗ) ಅಥವಾ ಎಂಬಿಸಿ (ಅತಿ ಹಿಂದುಳಿದ ವರ್ಗ) ಸಮುದಾಯ ಪತ್ರ ಇದಕ್ಕೆ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ಸಮುದಾಯದ ಹೆಸರಿರಬೇಕು, ಕೇಂದ್ರದ ನಮೂನೆಯಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ ಬೇಕು, ಅದೂ ಚಾಲ್ತಿ ಆರ್ಥಿಕ ವರ್ಷದ್ದು. ಆದಾಯದ ಮಿತಿ ವರ್ಷಕ್ಕೆ 8 ಲಕ್ಷ, ಆದರೆ ತಂದೆ ತಾಯಿಯ ಸಂಬಳ ಮತ್ತು ಕೃಷಿ ಆದಾಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಇದು ಗೊತ್ತಿಲ್ಲದೆ ಅರ್ಹರಾದ ಎಷ್ಟೋ ಮಂದಿ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿ ಕೂತಿರುತ್ತಾರೆ. ಏಪ್ರಿಲ್ ಕಳೆದ ಕೂಡಲೇ ಇ-ಸೇವೈ ಕೇಂದ್ರಕ್ಕೆ ಹೋಗಿ ಅರ್ಜಿ ಕೊಟ್ಟರೆ ಆಗಸ್ಟ್‌ಗೆ ನಿರಾಳ.

ಇಷ್ಟೆಲ್ಲ ದಾಟಿದವರು ಸಂದರ್ಶನದ ಕೋಣೆಗೆ ಬರುತ್ತಾರೆ, ಅದಕ್ಕೂ ಮುಂಚೆ ಒಂದು ಪುಟದ ಬರವಣಿಗೆ. ನನ್ನ ಪ್ರಕಾರ ಈ ಸೀಮೆಯ ಮಕ್ಕಳಿಗೆ ನಿಜವಾದ ಬಂಡವಾಳ ಇರುವುದು ಇಲ್ಲಿ, ಅದನ್ನೇ ಅವರು ಮನೆಯಲ್ಲಿ ಬಿಟ್ಟು ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಬಾಯಿಪಾಠ ಮಾಡಿದ ನಾಯಕತ್ವದ ವ್ಯಾಖ್ಯಾನ. ಎದುರಿಗೆ ಕೂತ ಪ್ರಾಧ್ಯಾಪಕರು ಅಂಥ ವ್ಯಾಖ್ಯಾನವನ್ನು ಬೆಳಿಗ್ಗೆಯಿಂದ ಎಷ್ಟು ಸಲ ಕೇಳಿರುತ್ತಾರೋ. ಅವರು ತಪ್ಪದೆ ಕೇಳುವುದು ಊರಿನ ಬಗ್ಗೆ: ಸೇಲಂನವರಾ? ಸಬ್ಬಕ್ಕಿ ಅಲ್ಲೇ ಏಕೆ?

ಈ ಒಂದು ಪ್ರಶ್ನೆಯೊಳಗೆ ಎಂಬಿಎ ಮೊದಲ ವರ್ಷದ ಅರ್ಧ ಪಠ್ಯವಿದೆ. ಮರಗೆಣಸು ಕಿತ್ತ ಒಂದೆರಡು ದಿನದಲ್ಲಿ ಕೆಡಲು ಶುರುವಾಗುತ್ತದೆ, ಆದ್ದರಿಂದ ಕಾರ್ಖಾನೆ ಹೊಲದ ಹತ್ತಿರವೇ ಇರಬೇಕು. ರೈತನಿಗೆ ಬೆಲೆ ಬರೀ ತೂಕಕ್ಕೆ ಸಿಗುವುದಿಲ್ಲ, ಗೆಣಸಿನಲ್ಲಿರುವ ಪಿಷ್ಟದ ಪಾಯಿಂಟ್ ಅಳೆದು ಸಿಗುತ್ತದೆ. ಆ ಅಳತೆ ಮಾಡುವುದು ಕೊಳ್ಳುವವನೇ ಆದ್ದರಿಂದ ಅನುಮಾನ ಯಾವತ್ತೂ ಇದ್ದದ್ದೇ. ಬೆಳೆಯುವುದು ದಕ್ಷಿಣದಲ್ಲಿ, ತಿನ್ನುವುದು ಹೆಚ್ಚಾಗಿ ಉತ್ತರದಲ್ಲಿ. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದವರು ನವರಾತ್ರಿ, ಶಿವರಾತ್ರಿಯ ಉಪವಾಸಕ್ಕೆ ಸಾಬುದಾನ ಖಿಚಡಿ ಮಾಡುತ್ತಾರೆ, ಬೇಡಿಕೆ ಪಂಚಾಂಗ ನೋಡಿಕೊಂಡು ಏರುತ್ತದೆ. ಮಧ್ಯವರ್ತಿಗಳ ಕೈಗೆ ಸಿಕ್ಕಿ ನಲುಗಿದ ಉತ್ಪಾದಕರು 1981ರಲ್ಲಿ ಸಾಗೋಸರ್ವ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಸದಸ್ಯ ಕಾರ್ಖಾನೆಗಳ ಮಾಲು ಸಂಘದ ಗೋದಾಮಿಗೆ ಬರುತ್ತದೆ, ವರ್ತಕರು ಟೆಂಡರ್ ಹಾಕಿ ಕೊಳ್ಳುತ್ತಾರೆ. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಅಷ್ಟಿದ್ದೂ ಎಲ್ಲ ಕಾರ್ಖಾನೆಗಳೂ ಸಂಘದ ಮೂಲಕವೇ ಮಾರುವುದಿಲ್ಲ, ಮೆಕ್ಕೆಜೋಳದ ಪಿಷ್ಟ ಬೆರೆಸುವ ದೂರು ನಿಂತಿಲ್ಲ. ಏಕೆ? ಬಿಳುಪಾದ ಸಬ್ಬಕ್ಕಿಗೇ ಬೆಲೆ ಹೆಚ್ಚು ಬಂದರೆ ಪ್ರಾಮಾಣಿಕನಿಗೆ ಏನು ಉಳಿಯುತ್ತದೆ? ಪೂರೈಕೆ ಸರಪಳಿ, ಮಾಹಿತಿಯ ಅಸಮತೋಲನ, ಬ್ರ್ಯಾಂಡ್, ದುಡಿಯುವ ಬಂಡವಾಳ ಎಂದು ಪುಸ್ತಕ ಹೇಳುವುದೆಲ್ಲ ಇದೇ ತಾನೆ. ಇಂಥದ್ದನ್ನು ಕಣ್ಣಾರೆ ಕಂಡ ಇಪ್ಪತ್ತೊಂದರ ಹುಡುಗಿ ಕೋಣೆಯಲ್ಲಿ ಮಾತಾಡಿದರೆ ಪ್ರಾಧ್ಯಾಪಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಸಬ್ಬಕ್ಕಿ ಒಂದೇ ಅಲ್ಲ. ಕಾಲ್ಗೆಜ್ಜೆ ಮಾಡುವ ಮನೆಯವರಿಗೆ ಬೆಳ್ಳಿಯ ದರ ಏರಿಳಿದಾಗ ನಷ್ಟ ಯಾರ ತಲೆಗೆ ಬರುತ್ತದೆಂದು ಗೊತ್ತು. ಪಾಲಕ್ಕೋಡಿನ ರೈತನ ಮಗನಿಗೆ ಟೊಮೆಟೊ ಬೆಲೆ ಬಿದ್ದ ವಾರ ನೆನಪಿದೆ. ಇಳಂಪಿಳ್ಳೈ ಕಡೆಯ ನೇಕಾರರ ಮಗಳಿಗೆ ಆರ್ಡರ್ ಕೊಟ್ಟವನು ದುಡ್ಡು ಕೊಡುವುದು ಯಾವಾಗ ಎಂಬ ಪ್ರಶ್ನೆ ಹುಟ್ಟಿನಿಂದ ಪರಿಚಿತ. ಎರಡನೇ ವರ್ಷದ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಇಂಥ ಒಂದೇ ಕಸುಬಿನ ಖರ್ಚು, ಬೆಲೆ, ಸಾಲದ ಅವಧಿ ಬರೆದಿಟ್ಟರೆ ಸಾಕು. ಅದಕ್ಕೆ ಬೇಕಾದ ಪರಿಭಾಷೆಯನ್ನು ಐಐಎಂ ಬೆಂಗಳೂರಿನ ಪ್ರಾಧ್ಯಾಪಕರೇ ‘ಸ್ವಯಂ’ ಎಂಬ ಜಾಲತಾಣದಲ್ಲಿ ಉಚಿತವಾಗಿ ಪಾಠ ಮಾಡುತ್ತಾರೆ.

ಐಐಎಂ ಒಂದೇ ಗುರಿ ಎಂದು ಕೂರುವುದೂ ಜಾಣತನವಲ್ಲ. ಅಣ್ಣಾ ವಿಶ್ವವಿದ್ಯಾಲಯ ನಡೆಸುವ ಟ್ಯಾನ್‌ಸೆಟ್ ತಮಿಳುನಾಡಿನ ಎಂಬಿಎ ಸೀಟುಗಳ ದಾರಿ. ಎರಡು ಗಂಟೆ, ನೂರು ಪ್ರಶ್ನೆ, ತಪ್ಪಿದರೆ ಮೂರನೇ ಒಂದು ಅಂಕ ಕಳೆತ. ಕ್ಯಾಟ್‌ಗೆ ಓದಿದವರಿಗೆ ಇದು ಹಗುರ. ಅಣ್ಣಾ ವಿಶ್ವವಿದ್ಯಾಲಯದ ವಿಭಾಗ, ಕೊಯಮತ್ತೂರಿನ ಪಿಎಸ್‌ಜಿ ಇವೆಲ್ಲ ಕಡೆಗಣಿಸುವಂಥವಲ್ಲ. ತಿರುಚಿರಾಪಳ್ಳಿಯಲ್ಲೇ 2011ರಿಂದ ಒಂದು ಐಐಎಂ ಇದೆ, ಅಲ್ಲಿನ ಎನ್‌ಐಟಿಯೂ ಕ್ಯಾಟ್ ಅಂಕದ ಮೇಲೆ ಎಂಬಿಎಗೆ ತೆಗೆದುಕೊಳ್ಳುತ್ತದೆ. ಮನೆಮಾತು ಕನ್ನಡ, ಹಾಗಾಗಿ ಕರ್ನಾಟಕದ ಪಿಜಿಸಿಇಟಿ ಬರೆದು ಸರ್ಕಾರಿ ಸೀಟು ಹಿಡಿಯೋಣ ಎಂದುಕೊಳ್ಳುವವರು ಸ್ವಲ್ಪ ನಿಲ್ಲಬೇಕು. ಅಲ್ಲಿ ಮುಖ್ಯವಾಗಿ ಕೇಳುವುದು ಕರ್ನಾಟಕದಲ್ಲಿ ಓದಿದ ವರ್ಷಗಳನ್ನು. ಹೊರನಾಡು, ಗಡಿನಾಡು ಕನ್ನಡಿಗರ ಷರತ್ತುಗಳನ್ನು ಆ ವರ್ಷದ ಕೈಪಿಡಿಯಲ್ಲಿ ಓದಿಕೊಂಡೇ ಅರ್ಜಿ ಹಾಕುವುದು ಒಳ್ಳೆಯದು.

ದುಡ್ಡಿನ ಮಾತು ಬಂದಾಗ ಮನೆಯವರು ಮೌನವಾಗುತ್ತಾರೆ. ದೊಡ್ಡ ಐಐಎಂಗಳ ಎರಡು ವರ್ಷದ ಶುಲ್ಕ 25 ಲಕ್ಷದ ಆಸುಪಾಸು. ಮಗ್ಗದ ಮನೆಗೆ ಇದು ಕೇಳಿದರೇ ಎದೆ ಒಡೆಯುವ ಮೊತ್ತ. ಆದರೆ ಇಂಥ ಸಂಸ್ಥೆಗಳಿಗೆ ಆಯ್ಕೆಯಾದವರಿಗೆ ಸಾರ್ವಜನಿಕ ಬ್ಯಾಂಕುಗಳು ಜಮೀನು, ಮನೆ ಅಡವಿಲ್ಲದೆ ಸಾಲ ಕೊಡುತ್ತವೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದ ತನಕದ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಉನ್ನತ ದರ್ಜೆ ಶಿಕ್ಷಣ ವಿದ್ಯಾರ್ಥಿವೇತನವಿದೆ. ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಶುಲ್ಕ ಐಐಎಂಗಳದ್ದರ ಹತ್ತರಲ್ಲೊಂದು ಪಾಲಿನಷ್ಟು. ಅಲ್ಲಿಗೂ ಕ್ಯಾಟ್ ಅಂಕವೇ ಬೇಕು, ಪೈಪೋಟಿ ಮಾತ್ರ ಅಷ್ಟೇ ಕಠಿಣ. ಹೊಲ ಮಾರಬೇಕಾದೀತು ಎಂದು ಅರ್ಜಿಯನ್ನೇ ಹಾಕದಿರುವುದಕ್ಕೆ ಈಗ ಕಾರಣ ಉಳಿದಿಲ್ಲ. ಸಾಲ ಮಾಡಿ ಸೇರುವಂತಿಲ್ಲದ ಕಾಲೇಜುಗಳೂ ಇವೆ ಎಂಬುದು ಬೇರೆ ಮಾತು. ಹೆಸರಿಲ್ಲದ ಸಂಸ್ಥೆಗೆ ಹತ್ತು ಲಕ್ಷ ಕೊಟ್ಟು, ಹೊರಗೆ ಬಂದು ಬಿ.ಕಾಂ. ಪದವೀಧರನ ಸಂಬಳಕ್ಕೇ ಸೇರಿದವರನ್ನು ಸೇಲಂನ ಯಾವ ಬೀದಿಯಲ್ಲಾದರೂ ಕೇಳಿ ನೋಡಿ.

ಅಂತಿಮ ವರ್ಷದಲ್ಲೇ ಸೀಟು ಸಿಗದಿದ್ದರೆ? ಕ್ಯಾಟ್‌ಗೆ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಅಂಕ ಮಾತ್ರ ಆ ಒಂದು ಪ್ರವೇಶ ವರ್ಷಕ್ಕಷ್ಟೇ. ವಿದೇಶಿ ಬಿಸಿನೆಸ್ ಸ್ಕೂಲ್‌ಗಳು ಮತ್ತು ಹೈದರಾಬಾದಿನ ಐಎಸ್‌ಬಿ ಒಪ್ಪುವ ಜಿಮ್ಯಾಟ್ ಅಂಕ ಐದು ವರ್ಷ ನಿಲ್ಲುತ್ತದೆ, ಓದಿನ ರೂಢಿ ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವವರೂ ಇದ್ದಾರೆ. ಅಲ್ಲಿಯ ತನಕ ಕೆಲಸಕ್ಕೆ ಸೇರುವುದಾದರೆ ಧರ್ಮಪುರಿಯವರಿಗೆ ಹೊಸೂರು ಹತ್ತಿರ. 1980ರ ದಶಕದಲ್ಲಿ ಟೈಟನ್ ಅಲ್ಲಿ ಗಡಿಯಾರದ ಕಾರ್ಖಾನೆ ತೆರೆದಾಗ ಹೊಸೂರು ಧರ್ಮಪುರಿ ಜಿಲ್ಲೆಯಲ್ಲೇ ಇತ್ತು, ಆಸುಪಾಸಿನ ಹಳ್ಳಿಗಳ ಹುಡುಗ ಹುಡುಗಿಯರನ್ನು ಕಂಪನಿ ಹುಡುಕಿ ತೆಗೆದುಕೊಂಡಿತು. ಈಗ ಅದೇ ಕೈಗಾರಿಕಾ ಪಟ್ಟಿಯಲ್ಲಿ ಖರೀದಿ, ಲೆಕ್ಕಪತ್ರ, ಗುಣಮಟ್ಟದ ವಿಭಾಗಗಳಿಗೆ ಪದವೀಧರರು ಬೇಕು. ಎರಡು ವರ್ಷ ಅಲ್ಲಿ ದುಡಿದು ಮತ್ತೆ ಕ್ಯಾಟ್ ಬರೆದವರಿಗೆ ಅರ್ಜಿಯಲ್ಲಿ ಕೆಲಸದ ಅನುಭವದ ಖಾನೆ ತುಂಬಿರುತ್ತದೆ, ಕೈಯಲ್ಲಿ ಅರ್ಜಿ ಶುಲ್ಕಕ್ಕೆ ತಮ್ಮದೇ ಸಂಬಳ ಇರುತ್ತದೆ. ಕಂಪನಿ ಬಸ್ಸಿನಲ್ಲಿ ಹೋಗಿ ಬರುವ ಹೊತ್ತು ಓದಿಗೆ ಒದಗುತ್ತದೆ, ನಿದ್ದೆ ಬರದಿದ್ದರೆ.